ಏಕಾದಶಿಗೆ ಕಾಫಿ ನಡೆಯುತ್ತದೆಯೇ?

ಏಕಾದಶಿಯ ದಿನ ಅನ್ನ ಬಿಟ್ಟವರು ಕಾಫಿ ಬಿಡುವುದಿಲ್ಲ. ಸಕಲೇಶಪುರ, ಆಲೂರು ಸೀಮೆಯಲ್ಲಿ ಇದನ್ನು ಯಾರೂ ದೂರಾಗಿ ಹೇಳುವುದಿಲ್ಲ, ಇರುವುದೇ ಹಾಗೆ. ಆ ದಿನ ನೀರನ್ನೂ ಮುಟ್ಟದ ಕಟ್ಟಾ ವೈಷ್ಣವರನ್ನು ಪಕ್ಕಕ್ಕಿಟ್ಟರೆ, ಉಳಿದವರ ಉಪವಾಸದಲ್ಲಿ ಬಾಳೆಹಣ್ಣು, ಅವಲಕ್ಕಿ, ಹಾಲಿನ ಸಾಲಿನಲ್ಲಿ ಕಾಫಿಯೂ ಬಂದು ಕೂತು ಎಷ್ಟೋ ಕಾಲವಾಗಿದೆ. ಚಾತುರ್ಮಾಸ್ಯದಲ್ಲಿ ಕ್ಷೀರವ್ರತದ ತಿಂಗಳು ಬಂದಾಗ ಎಷ್ಟೋ ಮನೆಗಳಲ್ಲಿ ಕಾಫಿ ಕಪ್ಪಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಕೇಳಿದರೆ ಎರಡು ಸಮಜಾಯಿಷಿ ಸಿಗುತ್ತವೆ. ಅದೇನು ಊಟವೇ ಎಂಬುದು ಒಂದು. ಅದೇನು ಹೆಂಡವೇ ಎಂಬುದು ಇನ್ನೊಂದು. ಎರಡೂ ಸರಿಯೇ. ಊಟವೂ ಅಲ್ಲ, ಹೆಂಡವೂ ಅಲ್ಲ; ಹಾಗಾದರೆ ಏನು ಎಂಬುದನ್ನು ಮಾತ್ರ ಈ ಬೆಟ್ಟಗಳಲ್ಲಿ ಯಾರೂ ಗಟ್ಟಿಯಾಗಿ ಕೇಳಿಕೊಂಡಂತಿಲ್ಲ.

ಕೇಳಿಕೊಳ್ಳದಿರಲು ಕಾರಣವಿದೆ. ಇಲ್ಲಿ ಕಾಫಿ ಎಂದರೆ ಲೋಟಕ್ಕಿಂತ ಮೊದಲು ತೋಟ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಅದರಲ್ಲಿ ಕೊಡಗು, ಚಿಕ್ಕಮಗಳೂರು ಆದ ಮೇಲೆ ಹಾಸನದ ಹೆಸರು. ಮಗಳ ಮದುವೆ, ಮಗನ ಇಂಜಿನಿಯರಿಂಗ್ ಸೀಟು, ಊರ ದೇವಸ್ಥಾನದ ಜೀರ್ಣೋದ್ಧಾರ ಎಲ್ಲವೂ ಕಾಫಿ ದುಡ್ಡಿನಲ್ಲೇ ಆಗಬೇಕು. ಗೋಪುರಕ್ಕೆ ಬಣ್ಣ ಹೊಡೆಸಿಕೊಟ್ಟ ಗಿಡದ ಮೇಲೆ ಧರ್ಮಜಿಜ್ಞಾಸೆ ಮಾಡುವ ಮನಸ್ಸು ಯಾರಿಗೆ ಬಂದೀತು?

ಆದರೆ ಈ ಗಿಡ ನಮ್ಮ ಕಡೆಗೆ ಬಂದದ್ದೇ ಧರ್ಮದ ದಾರಿ ಹಿಡಿದು. ಕಾಫಿ ಕುಡಿಯುವ ರೂಢಿಯ ಮೊದಲ ನಂಬಲರ್ಹ ಸುಳಿವು ಸಿಗುವುದು 15ನೇ ಶತಮಾನದ ಯೆಮನ್‌ನ ಸೂಫಿಗಳಲ್ಲಿ. ರಾತ್ರಿಯಿಡೀ ದೇವರ ನಾಮಸ್ಮರಣೆಗೆ ಕೂರುವ ಫಕೀರರಿಗೆ ನಿದ್ದೆಯೇ ದೊಡ್ಡ ಶತ್ರು. ಆ ಶತ್ರುವನ್ನು ದೂರ ಇಡಲು ಅವರು ಈ ಕಷಾಯ ಕುಡಿಯುತ್ತಿದ್ದರು ಎಂದು 1558ರ ಸುಮಾರಿಗೆ ಕಾಫಿಯ ಬಗ್ಗೆಯೇ ಒಂದು ಗ್ರಂಥ ಬರೆದ ಅಬ್ದುಲ್ ಖಾದಿರ್ ಅಲ್-ಜಜೀರಿ ದಾಖಲಿಸಿದ್ದಾನೆ. ಏಡನ್ನಿನ ಸೂಫಿ ವಿದ್ವಾಂಸ ಅಲ್-ಧಭಾನಿ ಅಲ್ಲಿ ಇದನ್ನು ಬಳಕೆಗೆ ತಂದನೆಂಬುದು ಅವನ ಮಾತು. ಮುಂದೆ 1670ರ ಸುಮಾರಿಗೆ ಬಾಬಾ ಬುಡನ್ ಎಂಬ ಸೂಫಿ ಹಜ್ ಯಾತ್ರೆ ಮುಗಿಸಿ ಬರುವಾಗ ಏಳು ಬೀಜ ಅಡಗಿಸಿ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಊರಿದರೆಂಬ ಐತಿಹ್ಯ ಕನ್ನಡಿಗರಿಗೆಲ್ಲ ಗೊತ್ತು. ಮೊಳೆಯುವ ಬೀಜ ಹೊರಗೆ ಹೋಗಬಾರದೆಂದು ಅರಬರು ಕಾವಲಿಟ್ಟಿದ್ದ ಕಾಲ ಅದು. ಅಡಗಿಸಿ ತಂದದ್ದು ಅಸ್ತೇಯ ವ್ರತಕ್ಕೆ ಭಂಗವಲ್ಲವೇ ಎಂದು ಯಾವ ಜಗಲಿಯಲ್ಲೂ ಚರ್ಚೆಯಾದದ್ದಿಲ್ಲ. ಆಗಿದ್ದರೆ ಮಂಜರಾಬಾದಿನ, ಅಂದರೆ ಈ ಸಕಲೇಶಪುರ ಸೀಮೆಯ, ಬೆಳೆಗಾರರೇ ಬಾಬಾರ ಪರವಾಗಿ ವಕಾಲತ್ತು ಹಾಕುತ್ತಿದ್ದರು.

ಅರಬರ ನಾಡಿನಲ್ಲಿ ಮಾತ್ರ ಚರ್ಚೆ ಜೋರಾಗಿಯೇ ನಡೆಯಿತು. 1511ರಲ್ಲಿ ಮೆಕ್ಕಾದ ಪೇಟೆಯ ಮೇಲ್ವಿಚಾರಕ ಖಾಯಿರ್ ಬೇಗ್ ಎಂಬವನು, ರಾತ್ರಿ ಮಸೀದಿಯ ಬಳಿ ಗುಂಪುಕೂಡಿ ಏನನ್ನೋ ಕುಡಿಯುತ್ತಿದ್ದವರನ್ನು ಕಂಡು ಅನುಮಾನಪಟ್ಟ. ಮರುದಿನವೇ ಧರ್ಮಪಂಡಿತರ ಸಭೆ ಕರೆದ. ಮತ್ತು ಬರಿಸುವುದೆಲ್ಲ ನಿಷಿದ್ಧ ಎಂಬ ನಿಯಮದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಕಾಫಿ ಮತ್ತು ಬರಿಸುತ್ತದೆಯೇ ಎಂಬುದಷ್ಟೇ ತಕರಾರು. ಇಬ್ಬರು ವೈದ್ಯರು ಬಂದು ಇದು ದೇಹಕ್ಕೆ ಕೆಟ್ಟದ್ದು ಎಂದು ಸಾಕ್ಷಿ ನುಡಿದರು. ಸಭೆಯಲ್ಲಿದ್ದವನೊಬ್ಬ ಉತ್ಸಾಹದಲ್ಲಿ, ಇದು ದ್ರಾಕ್ಷಾರಸದ ಮದ್ಯದಂತೆಯೇ ಏರುತ್ತದೆ ಎಂದುಬಿಟ್ಟ. ಅದು ನಿನಗೆ ಹೇಗೆ ಗೊತ್ತು ಎಂದು ಕೇಳಿದಾಗ, ಮದ್ಯ ಕುಡಿದ ಅನುಭವದಿಂದಲೇ ಎಂದು ಒಪ್ಪಿಕೊಳ್ಳಬೇಕಾಯಿತು. ಅದಕ್ಕೆ ಅವನು ಏಟು ತಿಂದನೆಂದು ಹಳೆಯ ವೃತ್ತಾಂತಗಳು ಹೇಳುತ್ತವೆ. ಸಭೆ ಕಾಫಿಗೆ ನಿಷೇಧ ಹಾಕಿತು, ಮೂಟೆಗಳನ್ನು ಬೀದಿಯಲ್ಲಿ ಸುಟ್ಟರು. ಆದರೆ ಕೈರೋದಿಂದ ಬಂದ ಆಜ್ಞೆ ಬಿಗಿಯನ್ನು ಸಡಿಲಿಸಿತು: ಕುಡಿಯುವ ನೆಪದ ಗುಂಪುಗಾರಿಕೆ ಬೇಡ, ಕುಡಿಯುವುದಕ್ಕೆ ಅಡ್ಡಿಯಿಲ್ಲ.

ಏಟು ತಿಂದ ಆ ಮನುಷ್ಯನ ಕಥೆ ತಮಾಷೆಯೇನೋ ಹೌದು. ಆದರೆ ಇಡೀ ಪ್ರಶ್ನೆಯ ಕೀಲು ಅಲ್ಲೇ ಇದೆ. ರುಚಿ ನೋಡದವನ ಸಾಕ್ಷ್ಯಕ್ಕೆ ಬೆಲೆಯಿಲ್ಲ. ರುಚಿ ನೋಡಿದವನ ಸಾಕ್ಷ್ಯ ನಿಷ್ಪಕ್ಷಪಾತವಲ್ಲ. ಕಾಫಿ ಮಾದಕವೋ ಅಲ್ಲವೋ ಎಂಬ ತೀರ್ಪನ್ನು ಬೆಳಗಿನ ಲೋಟ ಮುಗಿಸಿ ಬಂದ ನ್ಯಾಯಾಧೀಶರೇ ಕೊಡಬೇಕಾಗಿದೆ.

ನಮ್ಮ ಧರ್ಮಶಾಸ್ತ್ರಗಳ ದಾರಿ ಬೇರೆ. ಪಂಚಮಹಾಪಾತಕಗಳಲ್ಲಿ ಸುರಾಪಾನ ಒಂದು. ಸುರೆ ಎಂದರೆ ಯಾವುದು ಎಂಬುದಕ್ಕೆ ಮನುಸ್ಮೃತಿ ಮೂರು ಬಗೆ ಹೇಳುತ್ತದೆ: ಬೆಲ್ಲದಿಂದಾದ ಗೌಡೀ, ಹಿಟ್ಟಿನಿಂದಾದ ಪೈಷ್ಟೀ, ಹಿಪ್ಪೆಹೂವಿನಿಂದ ಇಳಿಸಿದ ಮಾಧ್ವೀ. ಅಂದರೆ ಅಲ್ಲಿ ಎಣಿಕೆ ಪದಾರ್ಥದ್ದು. ಕಾಫಿ ಆ ಪಟ್ಟಿಯಲ್ಲಿರಲು ಸಾಧ್ಯವೇ ಇರಲಿಲ್ಲ. ಶಾಸ್ತ್ರ ಮೌನವಾಗಿರುವಲ್ಲಿ ಹೋಲಿಕೆಯಿಂದ ನಿರ್ಣಯ ಮಾಡಬೇಕು. ಸುರೆಗೆ ಹೋಲಿಸಿದ್ದರೆ ಕಾಫಿಯ ಗತಿ ಬೇರೆಯಾಗುತ್ತಿತ್ತು. ಮಲೆನಾಡಿನ ಅಡುಗೆಮನೆ ಅದನ್ನು ಕಷಾಯದ ಪಕ್ಕದಲ್ಲಿ ಕೂರಿಸಿತು. ಶುಂಠಿ, ಜೀರಿಗೆ, ಕೊತ್ತಂಬರಿ ಕುದಿಸುತ್ತಿದ್ದ ಅದೇ ಪಾತ್ರೆ, ಅದೇ ಒಲೆ, ಅದೇ ಬೆಲ್ಲ.

ಬೆಲ್ಲದ ಕಾಫಿ ಮಾಡುವ ಕ್ರಮವನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ನೀರಿಗೆ ಬೆಲ್ಲದ ಅಚ್ಚು ಒಡೆದು ಹಾಕಿ ಕುದಿ ಬರಿಸುತ್ತಾರೆ. ಪುಡಿ ಹಾಕಿ ಒಂದು ಕುದಿ ಬರುತ್ತಲೇ ಕೆಳಗಿಳಿಸಿ ತಟ್ಟೆ ಮುಚ್ಚುತ್ತಾರೆ. ಚರಟ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಅಲುಗಿಸದೆ ಬಸಿದುಕೊಳ್ಳುತ್ತಾರೆ. ಬೆಲ್ಲದೊಂದಿಗೆ ಹಾಲು ಕುದಿಸಿದರೆ ಒಡೆಯುತ್ತದೆ, ಆದ್ದರಿಂದ ಬೇಕಾದವರಿಗೆ ಹಾಲು ಕೊನೆಯಲ್ಲಿ, ಲೋಟಕ್ಕೇ. ಫಿಲ್ಟರು, ಡಿಕಾಕ್ಷನ್ನು ಎಲ್ಲ ಪೇಟೆಯ ಶಿಷ್ಟಾಚಾರ. ಕಾಫಿ ಬೋರ್ಡಿನ ಪೂಲಿಂಗ್ ಇದ್ದ ದಶಕಗಳಲ್ಲಿ, ಅಂದರೆ 1942ರ ಕಾಯಿದೆಯಿಂದ 1996ರವರೆಗೆ ಹಂತಹಂತವಾಗಿ ಅದು ಸಡಿಲಗೊಳ್ಳುವ ತನಕ, ಬೆಳೆಗಾರ ಮನೆಖರ್ಚಿಗೆಂದು ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನೆಲ್ಲ ಬೋರ್ಡಿಗೆ ಒಪ್ಪಿಸಬೇಕಿತ್ತು. ಒಳ್ಳೆಯ ಪಾರ್ಚ್‌ಮೆಂಟ್ ಲಾರಿ ಹತ್ತಿತು. ಗಿಡದ ಬುಡದಲ್ಲಿ ಆರಿಸಿದ ಉದುರು ಕಾಯಿ, ಜೊಳ್ಳು ಬೆಳೆದವರ ಲೋಟಕ್ಕೆ ಉಳಿಯಿತು. ಲೋಟ ಎಷ್ಟೇ ಬಡವಾದರೂ ಕಷಾಯದ ಮರ್ಯಾದೆ ಅದಕ್ಕೆ ತಪ್ಪಲಿಲ್ಲ.

ಪದಾರ್ಥ ನೋಡಿ ನಿಷೇಧಿಸುವ ಕ್ರಮದಲ್ಲಿ ಒಂದು ಪ್ರಾಮಾಣಿಕತೆ ಇದೆ: ಪಾಲಿಸುವವನಿಗೆ ಏನನ್ನು ಮುಟ್ಟಬಾರದೆಂದು ಖಚಿತವಾಗಿ ಗೊತ್ತಿರುತ್ತದೆ. ಕುರುಡುತನವೂ ಅಷ್ಟೇ ಇದೆ. ಇದರ ಅತಿ ಸ್ವಾರಸ್ಯದ ನಿದರ್ಶನ ಅಮೆರಿಕದ ಮಾರ್ಮನ್ ಪಂಥದ್ದು. 1833ರಲ್ಲಿ ಜೋಸೆಫ್ ಸ್ಮಿತ್ ತನಗಾದ ದೈವವಾಣಿಯೆಂದು ಕೊಟ್ಟ ಆಹಾರ ನಿಯಮದಲ್ಲಿ ಬಿಸಿ ಪಾನೀಯ ಬೇಡ ಎಂದಿತ್ತು. ಹಾಗೆಂದರೆ ಚಹಾ, ಕಾಫಿ ಎಂದು ಅರ್ಥ ಮಾಡಿದರು. ಕೋಲಾ ಬಂದ ಮೇಲೆ ಫಜೀತಿಗಿಟ್ಟುಕೊಂಡಿತು. ಅದರಲ್ಲೂ ಕೆಫೀನ್ ಇದೆ, ಆದರೆ ಅದು ತಣ್ಣಗಿದೆ. ಎಷ್ಟೋ ಕುಟುಂಬಗಳು ಕೋಲಾವನ್ನೂ ಬಿಟ್ಟವು. ಕೊನೆಗೆ 2012ರಲ್ಲಿ, ನಿಷೇಧವಿರುವುದು ಕೆಫೀನಿಗಲ್ಲ ಎಂದು ಚರ್ಚೇ ಸ್ಪಷ್ಟಪಡಿಸಿತು. 2017ರಲ್ಲಿ ಅವರ ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಕ್ಯಾಂಟೀನುಗಳಲ್ಲಿ ಕೆಫೀನ್ ಇರುವ ಸೋಡಾ ಮಾರಾಟಕ್ಕೆ ಬಂತು. ಕಾಫಿ ಇಂದಿಗೂ ವರ್ಜ್ಯ. ಸಕಲೇಶಪುರದವರು ಕೇಳಿದರೆ ನಕ್ಕಾರು. ಆದರೆ ಹೆಂಡವಲ್ಲವೆಂದು ಕಾಫಿಗೆ ಒಪ್ಪಿಗೆ ಕೊಡುವ ತರ್ಕವೂ ಇದೇ ಜಾತಿಯದು. ಕುಡಿದವನಿಗೆ ಏನಾಗುತ್ತದೆ ಎಂದು ಅದೂ ಕೇಳುವುದಿಲ್ಲ.

ಈ ಪ್ರಶ್ನೆಯನ್ನೇ ಮುಂದಿಟ್ಟವರು ಶ್ರಮಣರು. ಬೌದ್ಧರ ಐದನೆಯ ಶೀಲ ಮದ್ಯವನ್ನು ಬೇಡವೆನ್ನುವುದು ಅದು ಎಚ್ಚರಗೇಡಿತನಕ್ಕೆ ದಾರಿ ಮಾಡುತ್ತದೆಂಬ ಕಾರಣಕ್ಕೆ. ಎಚ್ಚರ ತಪ್ಪಿಸುವುದೇ ದೋಷವಾದರೆ, ಎಚ್ಚರ ಹೆಚ್ಚಿಸುವ ಪಾನೀಯಕ್ಕೆ ಬಾಗಿಲು ತಾನಾಗಿ ತೆರೆಯುತ್ತದೆ. ಚೀನಾ, ಜಪಾನಿನ ವಿಹಾರಗಳಲ್ಲಿ ಚಹಾ ಧ್ಯಾನದ ಸಂಗಾತಿಯಾದದ್ದು ಹೀಗೆ. ಅಷ್ಟು ದೂರ ಯಾಕೆ, ಬೈಲಕುಪ್ಪೆಯ ಸೆರಾ ವಿಹಾರದಲ್ಲಿ ಭಿಕ್ಷುಗಳು ಸಾಲಾಗಿ ಕೂತು ಪ್ರಾರ್ಥನೆ ಹೇಳುವಾಗ ಅದೇ ಸಭಾಂಗಣದಲ್ಲಿ, ಅದೇ ಪಂಕ್ತಿಯಲ್ಲಿ ಚಹಾ ಸುರಿಯುತ್ತಾರೆ. ಪೂಜೆಯ ನಡುವೆ ವಿರಾಮವೆಂದಲ್ಲ, ಪೂಜೆಯ ಭಾಗವೆಂದೇ.

ಜೈನರ ಲೆಕ್ಕ ಇನ್ನೂ ಸೂಕ್ಷ್ಮ. ಶ್ರವಣಬೆಳಗೊಳ ಇದೇ ಜಿಲ್ಲೆಯದು. ದಿನಕ್ಕೊಮ್ಮೆ, ನಿಂತು, ಅಂಗೈಯನ್ನೇ ಬಟ್ಟಲು ಮಾಡಿಕೊಂಡು ಆಹಾರ ತೆಗೆದುಕೊಳ್ಳುವ ದಿಗಂಬರ ಮುನಿಗಳಿಗೆ ಕಾಫಿಯ ಮಾತೇ ಬರುವುದಿಲ್ಲ. ಆದರೆ ಶ್ರಾವಕರ ಮೂಲಗುಣಗಳಲ್ಲಿ ಮದ್ಯ, ಮಾಂಸಗಳ ಜೊತೆಗೆ ಮಧು, ಅಂದರೆ ಜೇನು ಕೂಡ ತ್ಯಾಜ್ಯ. ಮದ್ಯ ಯಾಕೆ ಕೂಡದು ಎಂಬುದಕ್ಕೆ ಅಮೃತಚಂದ್ರರ ಪುರುಷಾರ್ಥಸಿದ್ಧ್ಯುಪಾಯ ಎರಡು ಕಾರಣ ಕೊಡುತ್ತದೆ: ಅದು ಮನಸ್ಸನ್ನು ಮಂಕು ಮಾಡುತ್ತದೆ, ಜೊತೆಗೆ ಅದು ಅಸಂಖ್ಯ ಜೀವಿಗಳು ಹುಟ್ಟುವ ಜಾಗ. ಮೊದಲ ಕಾರಣದಲ್ಲಿ ಕಾಫಿ ಪಾರಾಗುತ್ತದೆ. ಎರಡನೆಯದರಲ್ಲಿ? ಅರೇಬಿಕಾ ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದ ಮೇಲೆ ಬೀಜಕ್ಕೆ ಅಂಟಿಕೊಂಡ ಲೋಳೆ ಬಿಡಿಸಲು ತೊಟ್ಟಿಯಲ್ಲಿ ಒಂದು ದಿನ, ಚಳಿ ಇದ್ದರೆ ಇನ್ನೂ ಹೆಚ್ಚು ಹೊತ್ತು ಹುಳಿ ಬರಲು ಬಿಡುತ್ತಾರೆ. ಆ ತೊಟ್ಟಿಯ ಬಳಿ ನಿಂತರೆ ಮೂಗಿಗೆ ಬಡಿಯುವುದು ಹುದುಗಿನ ವಾಸನೆಯೇ. ಕೈ ಹಾಕಿ ಉಜ್ಜಿದಾಗ ಬೀಜ ಜಾರದೆ ಗರಗರ ಎಂದರೆ ತೊಳೆಯಲು ಬಂತೆಂದು ಲೆಕ್ಕ. ಕಟ್ಟುನಿಟ್ಟಿನ ಶ್ರಾವಕನೊಬ್ಬ ಡಿಸೆಂಬರಿನಲ್ಲಿ ಸಕಲೇಶಪುರದ ಪಲ್ಪಿಂಗ್ ಮನೆಗೆ ಬಂದು ನೋಡಿದರೆ ಲೋಟ ಕೆಳಗಿಟ್ಟರೂ ಇಟ್ಟಾನು.

ಇನ್ನೊಂದು ಅಳತೆಗೋಲು ನಮ್ಮ ನೆಲದ್ದೇ: ಅರ್ಪಿತ. ಲಿಂಗಕ್ಕೆ ಅರ್ಪಿಸದೆ ಏನನ್ನೂ ಸ್ವೀಕರಿಸಬಾರದೆಂಬುದು ವೀರಶೈವ ನಿಷ್ಠೆ. ಲಿಂಗಪೂಜೆ ಆಗುವ ತನಕ ನೀರೂ ಮುಟ್ಟದ ಹಿರಿಯರು ಈ ಸೀಮೆಯಲ್ಲಿದ್ದಾರೆ. ಹಾಗೆ ನೋಡಿದರೆ ಅರ್ಪಿಸಿದ ಕಾಫಿ ಪ್ರಸಾದವೇ ಆಗಬೇಕು. ಇಸ್ಕಾನ್‌ನವರು ಇದೇ ಎಳೆಯನ್ನು ಇನ್ನೊಂದು ತುದಿಯಿಂದ ಹಿಡಿಯುತ್ತಾರೆ. ಅವರ ನಾಲ್ಕು ನಿಯಮಗಳಲ್ಲಿ ಅಮಲು ಕೂಡದೆಂಬುದು ಒಂದು, ಸಂಸ್ಥಾಪಕ ಪ್ರಭುಪಾದರು ಅದರೊಳಗೆ ಚಹಾ, ಕಾಫಿಯನ್ನೂ ಸೇರಿಸಿದ್ದರು. ಕೃಷ್ಣನಿಗೆ ನೈವೇದ್ಯ ಮಾಡಲಾಗದ್ದನ್ನು ಭಕ್ತ ಕುಡಿಯುವುದೆಂತು? ಮಲೆನಾಡಿನ ಸಾಮಾನ್ಯ ದೇವರಮನೆ ಎರಡು ತುದಿಗಳನ್ನೂ ಮುಟ್ಟದೆ ನಡುದಾರಿ ಹಿಡಿದಿದೆ. ದೇವರ ಮುಂದೆ ಕಾಫಿ ಇಡುವುದಿಲ್ಲ. ಪೂಜೆಗೆ ಕೂರುವ ಮುಂಚೆ ಒಂದು ಲೋಟ ಆಗಿರುತ್ತದೆ. ಕಾಫಿಗೆ ಸಿಕ್ಕಿರುವುದು ಪೂರ್ತಿ ಒಪ್ಪಿಗೆಯಲ್ಲ, ಕಂಡೂ ಕಾಣದಂತಿರುವ ಸೌಜನ್ಯ ಅಷ್ಟೇ.

ಈ ವಾದ ಶುರುವಾದದ್ದು ಲೋಟದೊಳಗೆ ಇರುವುದೇನು ಎಂದು ತಿಳಿಯದ ಕಾಲದಲ್ಲಿ. ತಿಳಿದದ್ದು 1819ರಲ್ಲಿ. ಜರ್ಮನಿಯ ಮಹಾಕವಿ ಗಯಟೆ ತರುಣ ರಸಾಯನಜ್ಞ ರುಂಗೆಯ ಕೈಗೆ ಒಂದಿಷ್ಟು ಕಾಫಿ ಬೀಜ ಕೊಟ್ಟು ಇದರಲ್ಲೇನಿದೆ ನೋಡು ಎಂದನಂತೆ; ರುಂಗೆ ಅದರಿಂದ ಕೆಫೀನನ್ನು ಬೇರ್ಪಡಿಸಿದ. ಕೆಲವು ವರ್ಷಗಳ ನಂತರ ಚಹಾದಿಂದ ತೆಗೆದ ಸಾರಕ್ಕೆ ಬೇರೆ ಹೆಸರಿಟ್ಟರು. 1838ರ ಹೊತ್ತಿಗೆ ಎರಡೂ ಒಂದೇ ಎಂದು ಖಚಿತವಾಯಿತು. ಅದು ಕೆಲಸ ಮಾಡುವ ಬಗೆ ಗೊತ್ತಾಗಲು 20ನೇ ಶತಮಾನ ಬರಬೇಕಾಯಿತು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡಿಕೊಳ್ಳುತ್ತ ಹೋಗುತ್ತದೆ. ಅದು ತನ್ನ ಗ್ರಾಹಕಗಳ ಮೇಲೆ ಕೂತಾಗ ದಣಿವು, ತೂಕಡಿಕೆ. ಕೆಫೀನಿನ ಆಕಾರ ಅಡಿನೋಸಿನ್ನಿಗೆ ಹತ್ತಿರ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ ಅದು ಆ ಜಾಗಗಳನ್ನು ಮೊದಲೇ ಹಿಡಿದುಬಿಡುತ್ತದೆ. ಅಡಿನೋಸಿನ್ ನಿಂತೇ ಇರಬೇಕು. ಹೀಗೆ ಹಿಡಿದದ್ದರಲ್ಲಿ ಅರ್ಧ ಬಿಡಲು ಸಾಮಾನ್ಯವಾಗಿ ಐದು ಗಂಟೆಯಷ್ಟು ಬೇಕು.

ಅಂದರೆ ಕಾಫಿ ಶಕ್ತಿ ಕೊಡುವುದಿಲ್ಲ. ದಣಿವಿನ ಸುದ್ದಿ ಮುಟ್ಟದಂತೆ ತಡೆಯುತ್ತದೆ.

ಇಲ್ಲಿ ದರ್ಶನಶಾಸ್ತ್ರಕ್ಕೆ ಕೆಲಸವಿದೆ. ಸಕಲೇಶಪುರದಿಂದ ಬಿಸ್ಲೆ ಘಾಟಿ ಇಳಿದರೆ ಸಿಗುವ ಸುಬ್ರಹ್ಮಣ್ಯದ ಮಠ ಮಧ್ವಾಚಾರ್ಯರ ತಮ್ಮ ವಿಷ್ಣುತೀರ್ಥರ ಪರಂಪರೆಯದು. ಮಧ್ವರ ಪ್ರಮಾಣಶಾಸ್ತ್ರದಲ್ಲಿ ಮನಸ್ಸು ಮೋಸಹೋಗಬಹುದು, ಕಣ್ಣು ಕಿವಿಗಳೂ ಮೋಸಹೋಗಬಹುದು. ಸಾಕ್ಷಿ ಮಾತ್ರ ಮೋಸಹೋಗದು. ಅದು ಜೀವದ ಸ್ವರೂಪೇಂದ್ರಿಯ. ಸುಖ, ದುಃಖ, ಕಾಲ ಇವುಗಳನ್ನು ನೇರವಾಗಿ ಅರಿಯುವುದು ಅದೇ. ಜ್ಞಾನ ಸರಿಯೋ ತಪ್ಪೋ ಎಂದು ಕೊನೆಯ ಮುದ್ರೆ ಒತ್ತುವುದೂ ಅದೇ. ಹಾಗಾದರೆ ಬೆಳಗಿನ ಐದೂವರೆಗೆ ಕಾಫಿ ಕುಡಿದು, ಮೈ ಹಗುರಾಯಿತು ಎಂದುಕೊಳ್ಳುವವನ ಅನುಭವ ಯಥಾರ್ಥವೇ? ಹಗುರವೆನ್ನಿಸಿದ್ದು ಸುಳ್ಳಲ್ಲ. ಆ ಅನುಭವಕ್ಕೆ ಸಾಕ್ಷಿಯ ಮುದ್ರೆ ಇದೆ. ದಣಿವು ಹೋಯಿತೆಂದು ತೀರ್ಮಾನಿಸಿದ್ದು ಮನಸ್ಸು, ಎಡವಿದ್ದೂ ಅದೇ. ದಣಿವು ಎಲ್ಲಿಗೂ ಹೋಗಿಲ್ಲ, ವರದಿ ಮಾತ್ರ ನಿಂತಿದೆ. ಹೆಂಡ ಕುಡಿದವನಿಗೆ ಇಲ್ಲದ್ದು ಕಾಣುತ್ತದೆ. ಕಾಫಿ ಕುಡಿದವನಿಗೆ ಇರುವುದು ಕಾಣುವುದಿಲ್ಲ. ಎರಡನೆಯದನ್ನು ಅಮಲು ಎನ್ನಲು ಹೆಚ್ಚಿನ ಸಂಪ್ರದಾಯಗಳಿಗೆ ಬಾಯಿ ಬಂದಿಲ್ಲವೆಂದರೆ, ಆ ಮರೆಯಲ್ಲೇ ಎಲ್ಲರ ಪಾರಾಯಣ, ಪಾಠ, ಲೆಕ್ಕಪತ್ರ ನಡೆಯುತ್ತಿದೆ ಎಂಬುದೂ ಒಂದು ಕಾರಣವಿರಬಹುದು.

ಮರೆ ಸರಿಯುವುದು ಲೋಟ ತಪ್ಪಿದ ದಿನ. ಕೊನೆಯ ಕಾಫಿ ಆಗಿ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು, ಸಿಡುಕು ಶುರು. ಎರಡನೆಯ ದಿನಕ್ಕೆ ಜೋರು. ಪೂರ್ತಿ ಇಳಿಯಲು ಎರಡರಿಂದ ಒಂಬತ್ತು ದಿನ. ದಿನಕ್ಕೆ 100 ಮಿಲಿಗ್ರಾಂ ಕೆಫೀನ್, ಅಂದರೆ ಒಂದು ಗಟ್ಟಿ ಲೋಟದಷ್ಟು ಅಭ್ಯಾಸವಿದ್ದವರಿಗೂ ಇದು ಕಾಣಿಸಿಕೊಳ್ಳಬಹುದು. ಅಮೆರಿಕದ ಮನೋವೈದ್ಯರು 2013ರಲ್ಲಿ ಪರಿಷ್ಕರಿಸಿದ ಕೈಪಿಡಿ ಕೆಫೀನ್ ಬಿಟ್ಟಾಗಿನ ಈ ಬೇನೆಯನ್ನು ರೋಗಗಳ ಪಟ್ಟಿಗೇ ಸೇರಿಸಿತು. ಚಟ ಎನ್ನಬಹುದೇ ಎಂಬುದನ್ನು ಮಾತ್ರ ಹೆಚ್ಚಿನ ಅಧ್ಯಯನಕ್ಕೆ ಬಿಟ್ಟಿತು. ಕಟ್ಟುನಿಟ್ಟಾಗಿ ಏಕಾದಶಿ ಮಾಡುವವರಿಗೆ ಸಂಜೆಯ ಹೊತ್ತಿಗೆ ಬರುವ ತಲೆನೋವನ್ನು ಹಸಿವಿನ ಲೆಕ್ಕಕ್ಕೆ, ಪಿತ್ತದ ಲೆಕ್ಕಕ್ಕೆ ಹಾಕುವುದು ವಾಡಿಕೆ. ಅದರಲ್ಲಿ ಕಾಫಿಯ ಪಾಲೂ ಇರುತ್ತದೆ. ಯಹೂದಿಗಳ ಯೋಮ್ ಕಿಪ್ಪುರ್ ಉಪವಾಸದ ತಲೆನೋವು, ರಂಜಾನಿನ ಮೊದಲ ದಿನಗಳ ತಲೆನೋವು ವೈದ್ಯರ ಬರಹಗಳಲ್ಲಿ ಹೆಸರು ಹಿಡಿದೇ ಬರುತ್ತವೆ. ಯೋಮ್ ಕಿಪ್ಪುರ್‌ಗೆ ಬಾಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲವಲ್ಲ, ಅದಕ್ಕೆ ಗುದದ್ವಾರದಿಂದ ಸೇರಿಸುವ ಕೆಫೀನ್ ಗುಳಿಗೆಗಳೇ ಇಸ್ರೇಲಿನ ಔಷಧ ಅಂಗಡಿಗಳಲ್ಲಿ ಬಿಕರಿಯಾಗುತ್ತವೆ. ನಿಯಮ ಉಳಿಯಿತು, ತಲೆಯೂ ಉಳಿಯಿತು.

ನಗುವ ಮೊದಲು ನಮ್ಮ ಮಾತ್ರೆ ಡಬ್ಬಿಯನ್ನೂ ನೋಡಬೇಕು. ವ್ರತಕ್ಕೆಂದು ಕಾಫಿ ಬಿಟ್ಟವರು ತಲೆನೋವು ತಡೆಯಲಾರದೆ ಒಂದು ಸಾರಿಡಾನ್ ನುಂಗುತ್ತಾರೆ. ಅದರಲ್ಲಿರುವುದು ಪ್ಯಾರಾಸಿಟಮಾಲ್, ಪ್ರೊಪಿಫೆನಜೋನ್ ಮತ್ತು ಕೆಫೀನ್. ಮುಂಬಾಗಿಲಲ್ಲಿ ಕಳಿಸಿದ ಅತಿಥಿ ಹಿತ್ತಿಲಿನಿಂದ ಬಂದು ತಲೆ ನೇವರಿಸುತ್ತಾನೆ. ವ್ರತ ಕೆಟ್ಟಿತೇ? ತಿಳಿದು ಮಾಡಿದ ಪಾಪಕ್ಕೂ ತಿಳಿಯದೆ ಆದದ್ದಕ್ಕೂ ಪ್ರಾಯಶ್ಚಿತ್ತ ಬೇರೆ ಬೇರೆ ಎಂದು ಧರ್ಮಶಾಸ್ತ್ರ ಹೇಳುತ್ತದೆ. ಆದರೆ ಆ ಮಾತು ಹುಟ್ಟಿದ್ದು ಬೇರೆ ಕಾಲದಲ್ಲಿ. ಅಂದು ಅರಿಯದೆ ಮುಟ್ಟುವುದು ಅಪರೂಪ. ಇಂದು ತಿಳಿಯದಿರುವುದೇ ಸಹಜಸ್ಥಿತಿ. ಅಟ್ಲಾಂಟಾದ ರಬ್ಬಿ ಟೋಬಿಯಾಸ್ ಗೆಫೆನ್ ಈ ಸಂಕಟಕ್ಕೆ ಸಿಕ್ಕಿ, ಅದನ್ನು ಪರಿಹರಿಸಿದ ಅಪೂರ್ವ ವ್ಯಕ್ತಿ. ಕೋಕಾಕೋಲಾ ಯಹೂದಿಗಳಿಗೆ ಸಲ್ಲುತ್ತದೆಯೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಬಂದಾಗ ಆತ ಕಂಪನಿಯನ್ನೇ ಕೇಳಿದ. ಯಾರಿಗೂ ಹೇಳಬಾರದೆಂಬ ಷರತ್ತಿನ ಮೇಲೆ ಕಂಪನಿ ಸಾಮಗ್ರಿಗಳ ಪಟ್ಟಿ ತೋರಿಸಿತು. ಅದರಲ್ಲಿ ಪ್ರಾಣಿಯ ಕೊಬ್ಬಿನಿಂದ ಮಾಡಿದ ಗ್ಲಿಸರಿನ್ ಇತ್ತು. ಆತ ಆಕ್ಷೇಪಿಸಿದ, ಕಂಪನಿ ಸಸ್ಯಮೂಲದ ಗ್ಲಿಸರಿನ್‌ಗೆ ಬದಲಾಯಿಸಿತು, 1935ರಲ್ಲಿ ಆತ ಒಪ್ಪಿಗೆಯ ತೀರ್ಪು ಬರೆದ. ಚೂರು ಕೊಬ್ಬಿನ ಜಾಡು ಹಿಡಿದ ಆ ತೀರ್ಪು ಕೆಫೀನಿಗೆ ತಡೆ ಹಾಕಲಿಲ್ಲ.

ಅದೇ ಪಾನೀಯದ ಕೆಫೀನನ್ನು ಹಿಡಿದವರು ಸರ್ಕಾರದವರು. 1886ರಲ್ಲಿ ಪೆಂಬರ್ಟನ್ ಕೋಕಾಕೋಲಾ ಕುದಿಸಿದಾಗ ಅದರಲ್ಲಿ ಕೋಕಾ ಎಲೆಯ ಕೊಕೇನೂ ಇತ್ತು. 1903ರ ಸುಮಾರಿಗೆ ಅದನ್ನು ತೆಗೆದರು. 1909ರಲ್ಲಿ ಅಮೆರಿಕದ ಅಧಿಕಾರಿಗಳು 40 ಬ್ಯಾರೆಲ್, 20 ಪೀಪಾಯಿ ಕೋಲಾ ಪಾಕವನ್ನು ಜಪ್ತಿ ಮಾಡಿ, ಹೊರಗಿನಿಂದ ಬೆರೆಸಿದ ಕೆಫೀನ್ ಹಾನಿಕರ ಎಂದು ದಾವೆ ಹೂಡಿದರು. ಹಾರ್ವೆ ವೈಲಿ ಎಂಬ ಅಧಿಕಾರಿಯ ವಾದ ಸರಳ: ಕಾಫಿ ಕುಡಿಯುವವನಿಗೆ ತಾನೇನು ಕುಡಿಯುತ್ತಿದ್ದೇನೆಂದು ಗೊತ್ತು, ಕೋಲಾ ಕುಡಿಯುವ ಮಗುವಿಗೆ ಗೊತ್ತಿಲ್ಲ. ದಾವೆ ಸುಪ್ರೀಂ ಕೋರ್ಟು ಹತ್ತಿ ಇಳಿದು, ಕೊನೆಗೆ ಕಂಪನಿ ಕೆಫೀನನ್ನು ಅರ್ಧಕ್ಕಿಳಿಸಿ ರಾಜಿಯಾಯಿತು. ಕೋಲಾಗಳಿಗೆ ಬೆರೆಸುವ ಆ ಬಿಳಿ ಪುಡಿ ಇಂದು ಬಹುಪಾಲು ಬರುವುದು ಕಾಫಿ ಗಿಡದಿಂದಲ್ಲ, ಚೀನಾದ ಔಷಧ ಕಾರ್ಖಾನೆಗಳಿಂದ. ಹೂವಿಲ್ಲ, ಹಣ್ಣಿಲ್ಲ, ಬಾಬಾ ಬುಡನ್ನರ ಬರಕತ್ತೂ ಇಲ್ಲ.

ಗಾಂಧೀಜಿಗೆ ಈ ಗೋಜೇ ಇರಲಿಲ್ಲ. 1942ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಬರೆದ ಪುಸ್ತಕದಲ್ಲಿ ಚಹಾ, ಕಾಫಿ, ಕೋಕೋ ಮೂರನ್ನೂ ದೇಹಕ್ಕೆ ಬೇಕಿಲ್ಲದವು ಎಂದು ಒಟ್ಟಿಗೆ ತಳ್ಳಿಹಾಕಿದರು. ಅವರ ಅಳತೆ ಪದಾರ್ಥದ್ದೂ ಅಲ್ಲ, ಅಮಲಿನದ್ದೂ ಅಲ್ಲ. ಬೇಕೋ ಬೇಡವೋ ಎಂಬುದು. ಇದ್ದ ಅಳತೆಗಳಲ್ಲೆಲ್ಲ ಕಾಫಿ ನಿಜವಾಗಿ ಸೋಲುವುದು ಇದೊಂದರಲ್ಲೇ. ಪರೀಕ್ಷೆ ನಡೆಯುವುದು ಕುಡಿದಾಗಲ್ಲ, ಬಿಟ್ಟಾಗ. ಬಿಟ್ಟ ಮೂರನೆಯ ದಿನ ಹೆಂಡತಿ ಮಕ್ಕಳ ಮೇಲೆ ರೇಗುವವನು ತನಗೆ ಕಾಫಿಯ ಹಂಗಿಲ್ಲ ಎಂದರೆ ನಂಬುವವರು ಯಾರು? ಮೆಕ್ಕಾದ ಸಭೆ ಆ ಇಬ್ಬರು ವೈದ್ಯರ ಬದಲು, ನಾಲ್ಕು ದಿನ ಕಾಫಿ ಬಿಟ್ಟ ಒಬ್ಬ ಫಕೀರನನ್ನು ಕರೆದು ಕೇಳಿದ್ದರೆ ಹೆಚ್ಚು ತಿಳಿಯುತ್ತಿತ್ತು.

ಮಂಜರಾಬಾದಿನ ತೋಟಗಳ ಇತಿಹಾಸದಲ್ಲೇ ಇದಕ್ಕೊಂದು ವಿಚಿತ್ರ ಅಡಿಟಿಪ್ಪಣಿ ಇದೆ. ಈ ಸೀಮೆಯ ದಕ್ಷಿಣ ಭಾಗದಲ್ಲಿ 1843ರಲ್ಲಿ ಗ್ರೀನ್ ಎಂಬ ಯುರೋಪಿಯನ್ ತೋಟ ತೆರೆದ. ಮುಂದಿನ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲೇ ನೆಲೆನಿಂತು 1871ರಲ್ಲಿ ಮೈಸೂರಿನ ಕಾಡುಗಳಲ್ಲಿನ ತನ್ನ ಅನುಭವದ ಪುಸ್ತಕ ಪ್ರಕಟಿಸಿದ. ಅದರಲ್ಲಿ ಆತ ಜಾತಿಪದ್ಧತಿಯ ಪರ ವಾದಿಸುತ್ತಾನೆ. ಮುಖ್ಯ ಕಾರಣಗಳಲ್ಲೊಂದು, ಜಾತಿಯ ಕಟ್ಟುಪಾಡು ಇಲ್ಲಿಯ ಜನರನ್ನು ಮದ್ಯದಿಂದ ದೂರ ಇಟ್ಟಿದೆ ಎಂಬುದು. ಕಟ್ಟುಪಾಡಿನ ಹೊರೆ ಹೊತ್ತವರು ಯಾರೆಂಬುದು ಆತನಿಗೆ ಮುಖ್ಯವಾಗಲಿಲ್ಲ. ಆ ವಾದವನ್ನು ಇಂದು ಯಾರೂ ಎತ್ತಿ ಹಿಡಿಯಲಾರರು. ತಮಾಷೆಯೆಂದರೆ, ನಿರ್ವ್ಯಸನಿ ಜನರನ್ನು ಹೊಗಳುತ್ತಲೇ ಆತ ಎಕರೆಗಟ್ಟಲೆ ನೆಡಿಸುತ್ತಿದ್ದುದು, ಬೆಳಿಗ್ಗೆ ಎದ್ದರೆ ಎಷ್ಟೋ ಜನರಿಗೆ ಇಲ್ಲದೆ ಆಗದ ಗಿಡವನ್ನು.

ಗಿಡಕ್ಕೆ ಈ ಕೆಫೀನ್ ಯಾಕೆ? ಮನುಷ್ಯನ ಜಪಕ್ಕಂತೂ ಅಲ್ಲ. ಎಳೆಯ ಎಲೆ, ಬೀಜಗಳಲ್ಲಿ ಅದು ಹುಳಗಳಿಗೆ ವಿಷ. ಉದುರಿ ಮಣ್ಣಿಗೆ ಸೇರಿದರೆ ಸುತ್ತಲ ಬೀಜ ಮೊಳೆಯಲು ಅಡ್ಡಿ. ಆ ವಿಷವನ್ನೂ ಅರಗಿಸಿಕೊಂಡವನು ಕಾಯಿಕೊರಕ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತಕ್ಕೆ ಕಾಲಿಟ್ಟ ಈ ಪುಟ್ಟ ದುಂಬಿ ತನ್ನ ಜನ್ಮದ ಬಹುಪಾಲನ್ನು ಕಾಫಿ ಬೀಜದೊಳಗೇ ಕಳೆಯುತ್ತದೆ. ಅದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳೇ ಕೆಫೀನನ್ನು ಒಡೆದುಹಾಕುತ್ತವೆ ಎಂದು 2015ರಲ್ಲಿ ಗೊತ್ತಾಯಿತು. ಹೂವಿನಲ್ಲಿ ಆಟ ಬೇರೆ. ಫೆಬ್ರುವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಸಕಲೇಶಪುರದ ತೋಟಗಳು ಒಮ್ಮೆಲೆ ಬೆಳ್ಳಗಾಗುತ್ತವೆ; ಆ ಎರಡು ಮೂರು ದಿನ ಹೆಜ್ಜೇನಿನ ಮೊರೆತ ಲೈನ್ ಮನೆಗಳವರೆಗೂ ಕೇಳುತ್ತದೆ. ಆ ಮಕರಂದದಲ್ಲೂ ಕೆಫೀನ್ ಇದೆ, ಕಹಿ ಹತ್ತದಷ್ಟು ಸಣ್ಣ ಪ್ರಮಾಣದಲ್ಲಿ. 2013ರಲ್ಲಿ ಜೆರಾಲ್ಡೀನ್ ರೈಟ್ ಮತ್ತು ಸಂಗಡಿಗರು ಜೇನುನೊಣಗಳಿಗೆ ಅಷ್ಟೇ ಪ್ರಮಾಣದ ಕೆಫೀನ್ ಬೆರೆಸಿದ ಸಕ್ಕರೆ ನೀರು ಕೊಟ್ಟು ನೋಡಿದರು. ಬರೀ ಸಕ್ಕರೆ ನೀರು ಕುಡಿದವುಗಳಿಗೆ ಹೋಲಿಸಿದರೆ, ಕೆಫೀನ್ ಕುಡಿದವುಗಳಲ್ಲಿ ಮೂರು ಪಟ್ಟು ನೊಣಗಳು ಮರುದಿನವೂ ಆ ಹೂವಿನ ವಾಸನೆಯನ್ನು ನೆನಪಿಟ್ಟುಕೊಂಡಿದ್ದವು. ನೊಣಕ್ಕೆ ತಾನೇನು ಕುಡಿಯುತ್ತಿದ್ದೇನೆಂದು ತಿಳಿಯದು. ಮತ್ತೆ ಬರಬೇಕೆನ್ನಿಸುತ್ತದೆ, ಬರುತ್ತದೆ. ಗಿಡ ಆ ಮಟ್ಟಿಗೆ ಯಾವ ಕೋಲಾ ಕಂಪನಿಗೂ ಹಿರಿಯಣ್ಣ.

ತಿಳಿಸಬೇಕೆಂಬ ಕಟ್ಟಳೆ ಈಗ ಸ್ವಲ್ಪ ಮಟ್ಟಿಗೆ ಬಂದಿದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರುವ ಎನರ್ಜಿ ಡ್ರಿಂಕುಗಳು ಅದನ್ನು ಡಬ್ಬದ ಮೇಲೆ ಹೇಳಲೇಬೇಕು. ಕಾಫಿ ಪುಡಿಗೆ ಚಿಕೋರಿ ಬೆರೆಸಿದರೆ ಕಾಫಿಯ ಪಾಲು ಕನಿಷ್ಠ ಶೇ 51 ಇರಬೇಕು, ಪಾಲೆಷ್ಟೆಂದು ನಮೂದಿಸಬೇಕು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಬಣ್ಣ, ಮಂದ, ಕಹಿ ಮಾತ್ರ. ಹೋಟೆಲಿನಲ್ಲಿ ಸ್ಟ್ರಾಂಗ್ ಎಂದು ಚಪ್ಪರಿಸುವುದು ಎಷ್ಟೋ ಸಲ ಚಿಕೋರಿಯ ಕಹಿಯನ್ನು. ನಾಲಿಗೆಯ ಸಾಕ್ಷ್ಯ ಇಲ್ಲೂ ನಿಲ್ಲುವುದಿಲ್ಲ. ಲೋಟದ ಕೆಫೀನ್ ಎಷ್ಟೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಬೀಜದ ಜಾತಿ: ಅರೇಬಿಕಾದಲ್ಲಿ ತೂಕದ ಸುಮಾರು ಶೇ 1.2, ರೋಬಸ್ಟಾದಲ್ಲಿ ಶೇ 2ರ ಆಸುಪಾಸು ಅಥವಾ ಹೆಚ್ಚು. ಪಟ್ಟಣದ ಪೊಟ್ಟಣದ ಮೇಲೆ ಚಿಕೋರಿಯ ಪಾಲು ಇರುತ್ತದೆ. ಇವೆರಡರ ಪಾಲು ಬಹಳ ಸಲ ಇರುವುದಿಲ್ಲ.

ಆ ಪಾಲು ಈಗ ಬದಲಾಗುತ್ತಿದೆ. ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಬಿದ್ದರೆ ಗಿಡವನ್ನು ಬುಡಸಮೇತ ಕಿತ್ತು ಸುಡುವುದೊಂದೇ ದಾರಿ. ಹಾಗೆ ಖಾಲಿಯಾದ ಜಾಗಕ್ಕೆ ರೋಬಸ್ಟಾ ಬರುತ್ತಿದೆ. ಹುಳದ ಕಾಟ ಕಡಿಮೆ, ಇಳುವರಿ ಹೆಚ್ಚು. 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಬೆಲೆ ದಾಖಲೆ ಮುಟ್ಟಿದ ಮೇಲಂತೂ ಅರೇಬಿಕಾವನ್ನೇ ನೆಚ್ಚಿಕೊಂಡವರೂ ಯೋಚಿಸತೊಡಗಿದ್ದಾರೆ. ದೇಶದ ಬೆಳೆಯಲ್ಲಿ ಈಗಾಗಲೇ ಸುಮಾರು ಶೇ 70 ರೋಬಸ್ಟಾ. ಅದೇ ಚಮಚ, ಅದೇ ಲೋಟ, ಅದೇ ಬೆಲ್ಲ ಇಟ್ಟುಕೊಂಡ ಮನೆಯಲ್ಲೂ ಏಕಾದಶಿಯ ಕಾಫಿಗೆ ಕೆಫೀನ್ ಏರುತ್ತಿದೆ ಎಂದರೆ, ಅದನ್ನು ತೀರ್ಮಾನಿಸುತ್ತಿರುವುದು ಮಠವೂ ಅಲ್ಲ, ಮನೆಯ ಹಿರಿಯರೂ ಅಲ್ಲ. ಒಂದು ಹುಳ ಮತ್ತು ಲಂಡನ್ನಿನ ದರಪಟ್ಟಿ.